ಕುಳಿಯ ಅಂಚಿಗೆ ಹೋಗದ ಅಜ್ಜಿ

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದವಳು ನಾನು. ಜ್ವಾಲಾಮುಖಿಯ ಪಾಠ ಬಂತೆಂದರೆ ನನಗೆ ಹಬ್ಬ. ಬೋರ್ಡಿನ ಮೇಲೆ ದೊಡ್ಡದೊಂದು ತ್ರಿಕೋನ, ನಡುವೆ ಕೊಳವೆ, ತುದಿಯಲ್ಲಿ ಕೆಂಪು ಸೀಮೆಸುಣ್ಣದ ಬೆಂಕಿ. ಪ್ರತಿ ವರ್ಷವೂ ಯಾವುದಾದರೊಂದು ಮಗು ಎದ್ದು ನಿಂತು ಕೇಳುತ್ತಿತ್ತು: "ಟೀಚರ್, ನೀವು ನೋಡಿದ್ದೀರಾ?"

ಇಲ್ಲ ಎನ್ನಲು ಸಂಕೋಚ. ಹಾಗಾಗಿ ವರ್ಷಕ್ಕೊಮ್ಮೆ ಮಕ್ಕಳನ್ನು ಮಲ್ಪೆಗೆ ಕರೆದುಕೊಂಡು ಹೋಗಿ, ದೋಣಿ ಹತ್ತಿಸಿ, ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳನ್ನು ತೋರಿಸುತ್ತಿದ್ದೆ. "ನೋಡಿ, ಇದು ಸುಮಾರು 8.8 ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾ. ಮಡಗಾಸ್ಕರ್ ನಮ್ಮಿಂದ ಬೇರೆಯಾಗುತ್ತಿದ್ದ ಕಾಲದ್ದು. ಈಗ ತಣ್ಣಗಾಗಿ ಕಲ್ಲಾಗಿದೆ" ಎನ್ನುತ್ತಿದ್ದೆ. ಮಕ್ಕಳು ಕಲ್ಲಿನ ಮೇಲೆ ಕುಳಿತು ಚುರುಮುರಿ ತಿನ್ನುತ್ತಿದ್ದರು. ಬಿಸಿಯಾದ ಜ್ವಾಲಾಮುಖಿಯನ್ನು ಒಮ್ಮೆ ನೋಡಬೇಕೆಂಬ ಆಸೆ ಮಾತ್ರ ನನ್ನೊಳಗೇ ಉಳಿದುಬಿಟ್ಟಿತ್ತು.

ನಿವೃತ್ತಿಯಾದ ಮೇಲೆ ಆ ಯೋಗ ಬಂತು. ಮಗ ಜಪಾನಿನ ಕುಮಮೊಟೊ ಊರಿನಲ್ಲಿ ಚಿಪ್ ತಯಾರಿಸುವ ಕಾರ್ಖಾನೆಯ ಕೆಲಸಕ್ಕೆ ಸೇರಿದ. ಸೊಸೆ, ಮೊಮ್ಮಗಳು ಅಲ್ಲೇ. "ಅಮ್ಮ, ನಮ್ಮ ಮನೆಯಿಂದ ಕಾರಿನಲ್ಲಿ ಒಂದೂವರೆ ಗಂಟೆ ಹೋದರೆ ಆಸೊ ಜ್ವಾಲಾಮುಖಿ. ಕುಳಿಯ ಅಂಚಿನವರೆಗೂ ರಸ್ತೆ ಇದೆ. ಬಾ" ಎಂದ. ನಮ್ಮ ಯಜಮಾನರು ಅಡಿಕೆ ತೋಟ ಬಿಟ್ಟು ಬರುವುದಿಲ್ಲ ಎಂದರು. ನಾನು ಒಬ್ಬಳೇ ಹೊರಟೆ. ಸಂಡಿಗೆ, ಉಪ್ಪಿನಕಾಯಿ, ಸಾರಿನ ಪುಡಿಯ ಜೊತೆ ಪೆಟ್ಟಿಗೆಯಲ್ಲಿ ಮೂರು ಇನ್‌ಹೇಲರ್‌ಗಳೂ ಇದ್ದವು. ನನಗೆ ಚಿಕ್ಕಂದಿನಿಂದಲೂ ಉಬ್ಬಸ. ಈ ಇನ್‌ಹೇಲರ್ ಮುಂದೆ ಕಥೆಯಲ್ಲಿ ಬರುತ್ತದೆ, ನೆನಪಿಟ್ಟುಕೊಳ್ಳಿ.

ಊಟದ ಮೇಜಿನ ಮೇಲೊಂದು ನಕ್ಷೆ

ಹೊರಡುವ ಹಿಂದಿನ ರಾತ್ರಿ ಊಟ ಮುಗಿದಿತ್ತು. ಐದನೇ ತರಗತಿಯ ಮೊಮ್ಮಗಳು ಪುಟ್ಟಿ ತಟ್ಟೆಗಳನ್ನು ಸರಿಸಿ ಮೇಜಿನ ಮೇಲೆ ಒಂದು ದೊಡ್ಡ ಕಾಗದ ಹರಡಿದಳು. ಬೆಟ್ಟದ ಚಿತ್ರ, ಅದರ ಮೇಲೆ ಕೆಂಪು, ಕಿತ್ತಳೆ, ಹಳದಿ, ನೇರಳೆ ಬಣ್ಣಗಳು, ವೃತ್ತಗಳು, ಬಾಣಗಳು. ಅಕ್ಷರವೆಲ್ಲ ಜಪಾನಿ.

"ಇದೇನೇ, ರಂಗೋಲಿಯಾ?"

"ಅಪಾಯ ನಕ್ಷೆ ಅಜ್ಜಿ. ಬೆಟ್ಟಕ್ಕೆ ಹೋಗುವ ಮೊದಲು ಇದನ್ನು ಓದಬೇಕು. ನಮ್ಮ ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ."

"ನಾನು ಮೂವತ್ತೊಂದು ವರ್ಷ ಜ್ವಾಲಾಮುಖಿ ಪಾಠ ಮಾಡಿದವಳು ಮಾರಾಯ್ತಿ" ಎಂದೆ.

"ನಿನ್ನ ಪಾಠದಲ್ಲಿ ಜನ ಎಲ್ಲಿ ನಿಲ್ಲಬೇಕು ಅಂತ ಇತ್ತಾ?" ಎಂದಳು.

ನನ್ನ ಬಾಯಿ ಕಟ್ಟಿತು. ನನ್ನ ತ್ರಿಕೋನದ ಅಕ್ಕಪಕ್ಕ ಒಬ್ಬನೇ ಒಬ್ಬ ಮನುಷ್ಯನನ್ನೂ ನಾನು ಯಾವತ್ತೂ ಬರೆದಿರಲಿಲ್ಲ. ಕನ್ನಡಕ ಹಾಕಿಕೊಂಡು ಕುಳಿತೆ.

ಅಪಾಯ ನಕ್ಷೆ ಎಂದರೆ ಬೆಟ್ಟ ಸ್ಫೋಟಿಸಿದರೆ ಏನು, ಎಲ್ಲಿಯವರೆಗೆ ಬರಬಹುದು ಎಂದು ಬಣ್ಣ ಹಚ್ಚಿ ತೋರಿಸುವ ನಕ್ಷೆ. ಇದನ್ನು ಊಹೆಯಿಂದ ಬರೆಯುವುದಿಲ್ಲ. ವಿಜ್ಞಾನಿಗಳು ಬೆಟ್ಟದ ಸುತ್ತ ಮಣ್ಣಿನ ಪದರಗಳನ್ನು ಅಗೆದು ನೋಡುತ್ತಾರೆ. ಯಾವ ಪದರ ಬೂದಿಯದು, ಯಾವುದು ಕೆಸರಿನದು, ಯಾವುದು ಲಾವಾದ್ದು, ಎಷ್ಟು ಹಳೆಯದು ಎಂದು ಗುರುತಿಸುತ್ತಾರೆ. ಬೆಟ್ಟ ಹಿಂದೆ ಮಾಡಿದ್ದನ್ನು ಮುಂದೆಯೂ ಮಾಡಬಹುದು ಎಂಬ ಲೆಕ್ಕ. ಅದಕ್ಕೆ ಇಳಿಜಾರು, ಕಣಿವೆ, ಗಾಳಿಯ ದಿಕ್ಕು ಸೇರಿಸಿ ಕಂಪ್ಯೂಟರಿನಲ್ಲಿ ಹರಿಸಿ ನೋಡುತ್ತಾರೆ.

ಪುಟ್ಟಿ ಬೆರಳಿಟ್ಟು ಒಂದೊಂದೇ ಬಣ್ಣ ವಿವರಿಸಿದಳು. ನನಗೆ ಅದು ಅಡುಗೆಮನೆಯ ಭಾಷೆಯಲ್ಲೇ ಅರ್ಥವಾಯಿತು. ನಿಮಗೂ ಹಾಗೇ ಹೇಳುತ್ತೇನೆ.

ಲಾವಾ ಎಂದರೆ ಬೆಲ್ಲದ ಪಾಕ. ಹೆಚ್ಚಾಗಿ ನಿಧಾನ. ದಾರಿಯಲ್ಲಿ ಸಿಕ್ಕಿದ್ದನ್ನು ಸುಡುತ್ತದೆ, ಆದರೆ ಮನುಷ್ಯನಿಗೆ ಸಾಮಾನ್ಯವಾಗಿ ದೂರ ಸರಿಯಲು ಸಮಯ ಸಿಗುತ್ತದೆ. ನಾವೆಲ್ಲ ಹೆದರುವುದು ಇದಕ್ಕೆ, ಆದರೆ ಚಾರಣಿಗರಿಗೆ ಇದಕ್ಕಿಂತ ಕೆಟ್ಟ ಶತ್ರುಗಳಿವೆ.

ಮೊದಲನೆಯದು ಸಿಡಿಯುವ ಕಲ್ಲು. ಒಗ್ಗರಣೆಗೆ ಸಾಸಿವೆ ಹಾಕಿದಾಗ ಬಾಣಲೆಯ ಸುತ್ತ ಸಿಡಿಯುತ್ತದಲ್ಲ, ಹಾಗೆ. ಆದರೆ ಇಲ್ಲಿ ಸಾಸಿವೆಯ ಜಾಗದಲ್ಲಿ ತೆಂಗಿನಕಾಯಿ ಗಾತ್ರದ, ಕೆಲವೊಮ್ಮೆ ಅದಕ್ಕೂ ದೊಡ್ಡ ಬಂಡೆ. ವೇಗ ಗಂಟೆಗೆ ನೂರಾರು ಕಿಲೋಮೀಟರ್. ಸಿಡಿತ ಎಲ್ಲ ದಿಕ್ಕಿಗೂ ಆಗುವುದರಿಂದ ನಕ್ಷೆಯಲ್ಲಿ ಇದನ್ನು ಕುಳಿಯ ಸುತ್ತ ವೃತ್ತವಾಗಿ ಬರೆದಿರುತ್ತಾರೆ.

ಎರಡನೆಯದು ಬಿಸಿ ಮೋಡ. ಬೂದಿ, ಕಲ್ಲು, ಅನಿಲ ಎಲ್ಲ ಸೇರಿ ನೂರಾರು ಡಿಗ್ರಿ ಬಿಸಿಯಲ್ಲಿ ಇಳಿಜಾರಿನಲ್ಲಿ ಕಾರಿಗಿಂತ ಜೋರಾಗಿ ಉರುಳಿ ಬರುತ್ತದೆ. ಇದರ ಮುಂದೆ ಓಡಿ ಗೆದ್ದವರಿಲ್ಲ. ಮೊದಲೇ ದೂರ ಇರುವುದೊಂದೇ ಉಪಾಯ.

ಮೂರನೆಯದು ಕೆಸರಿನ ಪ್ರವಾಹ. ಇದಕ್ಕೆ ಜಾವಾ ದ್ವೀಪದವರ ಮಾತಿನಲ್ಲಿ ಲಹಾರ್ ಎಂಬ ಹೆಸರು; ಈಗ ಜಗತ್ತೆಲ್ಲ ಅದನ್ನೇ ಬಳಸುತ್ತದೆ. ಮಳೆ ಅಥವಾ ಕರಗಿದ ಹಿಮ ಬೂದಿಯೊಂದಿಗೆ ಕಲಸಿಕೊಂಡು, ಹಸಿ ಸಿಮೆಂಟಿನಂತೆ ಕಣಿವೆ ಹಿಡಿದು ಇಳಿಯುತ್ತದೆ. ನಕ್ಷೆಯಲ್ಲಿ ಇದು ನದಿಯ ಉದ್ದಕ್ಕೂ ಬಾಲದ ಹಾಗೆ ಕಾಣುತ್ತದೆ.

ನಾಲ್ಕನೆಯದು ಬೂದಿ. ಗಾಳಿ ಬೀಸಿದ ಕಡೆ ಹೋಗುತ್ತದೆ. ಒಲೆಯ ಬೂದಿಯಷ್ಟು ಮೃದುವಲ್ಲ, ಪುಡಿ ಮಾಡಿದ ಗಾಜಿನಂತೆ ಒರಟು.

ಐದನೆಯದು ಅನಿಲ. ಕಣ್ಣಿಗೆ ಕಾಣುವುದಿಲ್ಲ. ಗಾಳಿಗಿಂತ ಭಾರವಾದ ಅನಿಲ ತಗ್ಗಿನಲ್ಲಿ ನಿಲ್ಲುತ್ತದೆ.

"ಅನಿಲದ ಬಗ್ಗೆ ಇಲ್ಲಿ ಇನ್ನೊಂದು ಸಾಲು ಇದೆ ಅಜ್ಜಿ" ಎಂದು ಪುಟ್ಟಿ ಕಾಗದದ ಮೂಲೆಯ ಕಡೆ ಬಾಗಿದಳು. ಓದಿದಳು. ನನ್ನ ಮುಖ ನೋಡಿದಳು. ಏನೂ ಹೇಳದೆ ಮಡಚಿಟ್ಟಳು.

ಬೆಟ್ಟದ ಒಳಗೆ ಊರು

ಆಸೊ ವಿಚಿತ್ರವಾದ ಜಾಗ. ಬಹಳ ಹಿಂದೆ, ಸುಮಾರು 2,70,000 ವರ್ಷದಿಂದ 90,000 ವರ್ಷದ ಹಿಂದಿನವರೆಗೆ, ನಾಲ್ಕು ಮಹಾಸ್ಫೋಟಗಳಾಗಿ ನೆಲ ಕುಸಿದು ಒಂದು ದೊಡ್ಡ ಬೋಗುಣಿಯಾಯಿತು. ಉತ್ತರ ದಕ್ಷಿಣ ಸುಮಾರು 25 ಕಿ.ಮೀ., ಪೂರ್ವ ಪಶ್ಚಿಮ 18 ಕಿ.ಮೀ. ಈ ಬೋಗುಣಿಯ ಒಳಗೆ ಗದ್ದೆ, ರೈಲು, ಶಾಲೆ, ಸುಮಾರು 50,000 ಜನ. ನಡುವೆ ಈಗಿನ ಬೆಟ್ಟಗಳ ಸಾಲು. ಅದರಲ್ಲಿ 1,506 ಮೀಟರ್ ಎತ್ತರದ ನಾಕಾದಾಕೆ ಇಂದಿಗೂ ಹೊಗೆಯಾಡುತ್ತದೆ.

ಬೋಗುಣಿಯ ಅಂಚಿನಿಂದ ಒಳಗೆ ಇಳಿಯುವಾಗ ನನಗೆ ಕಂಡಿದ್ದು ಭತ್ತದ ಗದ್ದೆಗಳು. ನಮ್ಮ ಕಡೆಯ ಬಯಲಿನ ಹಾಗೇ. ಇಂಥ ಬೆಟ್ಟದ ಕೆಳಗೆ ಜನ ಹೇಗೆ ನಿದ್ದೆ ಮಾಡುತ್ತಾರೆ ಎಂದು ಮಗನನ್ನು ಕೇಳಿದೆ. "ನಮ್ಮಲ್ಲಿ ನದಿ ದಂಡೆಯ ಜನ ನೆರೆ ಬರುತ್ತದೆಂದು ಊರು ಬಿಡುತ್ತಾರಾ ಅಮ್ಮ? ಎಚ್ಚರದಲ್ಲಿ ಇರುತ್ತಾರೆ, ಅಷ್ಟೆ" ಎಂದ.

ಅವರ ಎಚ್ಚರಕ್ಕೆ ಒಂದು ಏಣಿಯಿದೆ. ಜಪಾನಿನಲ್ಲಿ 111 ಸಕ್ರಿಯ ಜ್ವಾಲಾಮುಖಿಗಳಿವೆ. ಮುಖ್ಯವಾದವುಗಳಿಗೆ ಅಲ್ಲಿನ ಹವಾಮಾನ ಇಲಾಖೆ 2007ರಿಂದ 1ರಿಂದ 5ರವರೆಗೆ ಎಚ್ಚರಿಕೆಯ ಹಂತ ಕೊಡುತ್ತಿದೆ. ಹಂತ 2 ಎಂದರೆ ಕುಳಿಯ ಹತ್ತಿರ ಹೋಗಬೇಡಿ. 3 ಎಂದರೆ ಬೆಟ್ಟಕ್ಕೇ ಹೋಗಬೇಡಿ. 5 ಎಂದರೆ ಊರು ಬಿಡಿ. ಹಂತ 4 ಅಜ್ಜ ಅಜ್ಜಿಯರಿಗೆ: ವಯಸ್ಸಾದವರು, ಬೇಗ ನಡೆಯಲಾಗದವರು ಈಗಲೇ ಹೊರಡಿ ಎಂದು ಅದರ ಅರ್ಥ. ನಮ್ಮಂಥವರ ನಡಿಗೆ ನಿಧಾನ ಎಂದು ಒಂದು ದೇಶ ಒಪ್ಪಿಕೊಂಡು ನಮಗಾಗಿ ಒಂದು ಮೆಟ್ಟಿಲನ್ನೇ ಇಟ್ಟಿದೆ!

ನಾವು ಹೋದ ದಿನ ಆಸೊ ಹಂತ 1ರಲ್ಲಿತ್ತು. "ಅಂದರೆ ಏನೂ ಆಗುವುದಿಲ್ಲ ತಾನೇ?" ಎಂದೆ.

ಮಗ ತಕ್ಷಣ ಉತ್ತರಿಸಲಿಲ್ಲ. ಆಮೇಲೆ ಒಂಟಾಕೆ ಬೆಟ್ಟದ ಕಥೆ ಹೇಳಿದ.

ಹಂತ 1ರ ಬೆಟ್ಟ

2014ರ ಸೆಪ್ಟೆಂಬರ್ 27, ಶನಿವಾರ. ಜಪಾನಿನ ನಡುಭಾಗದಲ್ಲಿರುವ 3,067 ಮೀಟರ್ ಎತ್ತರದ ಒಂಟಾಕೆ ಬೆಟ್ಟ. ಎಲೆಗಳು ಕೆಂಪಾಗುವ ಕಾಲ, ಒಳ್ಳೆಯ ಬಿಸಿಲು, ರಜೆ. ನೂರಾರು ಜನ ಹತ್ತಿದ್ದರು. ಬೆಳಿಗ್ಗೆ 11 ಗಂಟೆ 52 ನಿಮಿಷಕ್ಕೆ, ಶಿಖರದ ಬಳಿ ಹಲವರು ಬುತ್ತಿ ಬಿಚ್ಚುವ ಹೊತ್ತಿಗೆ, ಬೆಟ್ಟ ಸಿಡಿಯಿತು. ಹೊಸ ಲಾವಾ ಮೇಲೆ ಬಂದು ಆದ ಸ್ಫೋಟ ಅದಲ್ಲ. ಬೆಟ್ಟದೊಳಗಿನ ನೀರು ಕಾದು ಆವಿಯಾಗಿ, ವಿಷಲ್ ಕಟ್ಟಿಕೊಂಡ ಕುಕ್ಕರಿನಂತೆ ಒಡೆದದ್ದು. ಇಂಥ ಆವಿಸ್ಫೋಟ ಹೆಚ್ಚು ಮುನ್ಸೂಚನೆ ಕೊಡುವುದಿಲ್ಲ. ಎರಡು ವಾರ ಮೊದಲು ಸಣ್ಣ ಕಂಪನಗಳು ಹೆಚ್ಚಿದ್ದವು, ಆದರೆ ಎಚ್ಚರಿಕೆಯ ಹಂತ 1ರಲ್ಲೇ ಇತ್ತು. 58 ಮಂದಿ ಸತ್ತರು, 5 ಮಂದಿ ಸಿಗಲೇ ಇಲ್ಲ. ಹೆಚ್ಚಿನವರನ್ನು ಕೊಂದದ್ದು ಹಾರಿ ಬಂದ ಕಲ್ಲು. ಗುಡಿಸಲಿನೊಳಗೆ, ಬಂಡೆಯ ಮರೆಯಲ್ಲಿ ಬೇಗ ಸೇರಿಕೊಂಡ ಹಲವರು ಉಳಿದರು.

ಆಗ ಹಂತ 1ಕ್ಕೆ ಜಪಾನಿಯಲ್ಲಿ ಇದ್ದ ಹೆಸರು "ಸಾಮಾನ್ಯ". ಆ ಒಂದು ಮಾತನ್ನು ಓದಿ ಜನ ಸುರಕ್ಷಿತ ಎಂದುಕೊಂಡರು. ಮರುವರ್ಷ ಆ ಹೆಸರನ್ನೇ ಬದಲಾಯಿಸಿದರು. ಈಗ ಹಂತ 1 ಎಂದರೆ "ಇದು ಜೀವಂತ ಜ್ವಾಲಾಮುಖಿ ಎಂಬುದು ನೆನಪಿರಲಿ" ಎಂಬ ಅರ್ಥದ ಮಾತು. ಚಾರಣಿಗರೂ ಬೆಟ್ಟದ ಮಾಹಿತಿ ತಿಳಿದುಕೊಂಡು, ಎಲ್ಲಿಗೆ ಹೋಗುತ್ತೇವೆ, ಯಾವಾಗ ಬರುತ್ತೇವೆ ಎಂದು ಬರೆದುಕೊಟ್ಟು ಹೋಗಲು ಪ್ರಯತ್ನಿಸಬೇಕು ಎಂದು 2015ರಲ್ಲಿ ಕಾನೂನಿಗೇ ಸೇರಿಸಿದರು.

ಕಾರಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಒಂದು ಪದದ ಅರ್ಥದಲ್ಲಿ ಎಷ್ಟು ಜೀವ ತೂಗುತ್ತದೆ ಎಂದು ಭಾಷೆ ಕಲಿಸುವವರಿಗೂ ಗೊತ್ತಾಗಬೇಕು ಅನ್ನಿಸಿತು.

"ಹೇಳಬೇಡ ಮಾರಾಯ"

ಕುಸಾಸೆನ್ರಿ ಎಂಬ ಹುಲ್ಲುಗಾವಲು ಬಂತು. ಕುದುರೆಗಳು ಮೇಯುತ್ತಿದ್ದವು. ಅದರಾಚೆ ನಾಕಾದಾಕೆಯ ಬಿಳಿ ಹೊಗೆ! ಅರವತ್ತೇಳನೇ ವಯಸ್ಸಿನಲ್ಲಿ ನನ್ನ ಕಣ್ಣಲ್ಲಿ ನೀರು ಬಂತು. ನನ್ನ ತ್ರಿಕೋನ ಕೊನೆಗೂ ಜೀವ ತಳೆದಿತ್ತು.

ಮೇಲೆ ಹೋಗುವ ದಾರಿಯಲ್ಲಿ ಒಂದು ಫಲಕ. ಜಪಾನಿ, ಇಂಗ್ಲಿಷ್, ಚೀನಿ, ಕೊರಿಯನ್ ಭಾಷೆಗಳಲ್ಲಿ ಬರೆದಿತ್ತು: ಉಬ್ಬಸ, ಶ್ವಾಸನಾಳದ ಕಾಯಿಲೆ, ಹೃದಯದ ತೊಂದರೆ ಇರುವವರು ಕುಳಿಯ ಬಳಿ ಹೋಗುವಂತಿಲ್ಲ.

ನಿನ್ನೆ ರಾತ್ರಿ ಪುಟ್ಟಿ ಓದಿ ಸುಮ್ಮನಾದ ಸಾಲು ಇದೇ.

ಕುಳಿಯಿಂದ ಗಂಧಕದ ಡೈಆಕ್ಸೈಡ್ ಎಂಬ ಅನಿಲ ಏಳುತ್ತದೆ. ಆರೋಗ್ಯವಂತರಿಗೆ ಕೆಮ್ಮು, ಕಣ್ಣುರಿ. ಉಬ್ಬಸದವರಿಗೆ ಅದೇ ಅನಿಲ ಶ್ವಾಸನಾಳವನ್ನು ನಿಮಿಷಗಳಲ್ಲಿ ಬಿಗಿದುಬಿಡಬಹುದು. 1997ರಲ್ಲಿ ಇದೇ ಕುಳಿಯ ಬಳಿ ಇಬ್ಬರು ಪ್ರವಾಸಿಗರು ಈ ಅನಿಲದಿಂದ ತೀರಿಕೊಂಡಿದ್ದರು. ಆಮೇಲೆ ಅನಿಲ ಅಳೆಯುವ ಯಂತ್ರ, ಧ್ವನಿವರ್ಧಕ, ಕಾವಲು ಎಲ್ಲ ಬಿಗಿಯಾದವು. ಅನಿಲ ಹೆಚ್ಚಾದರೆ ಜನರನ್ನು ಕೂಡಲೇ ಕೆಳಗೆ ಕಳಿಸುತ್ತಾರೆ. ಕಲ್ಲು ಸಿಡಿದರೆ ಓಡಿ ಸೇರಿಕೊಳ್ಳಲು ಕುಳಿಯ ಸುತ್ತ ಕಾಂಕ್ರೀಟಿನ ಗುಮ್ಮಟದಂಥ ಆಶ್ರಯಗಳಿವೆ. 1953ರಲ್ಲಿ 6 ಮಂದಿ, 1958ರಲ್ಲಿ 12 ಮಂದಿ ಇಲ್ಲಿ ಸ್ಫೋಟಕ್ಕೆ ಬಲಿಯಾದದ್ದರಿಂದ ಕಲಿತ ಪಾಠ ಅದು.

ಇದೆಲ್ಲ ನನಗೆ ಆ ಕ್ಷಣಕ್ಕೆ ಬೇಕಿರಲಿಲ್ಲ. ಇಷ್ಟು ದೂರ ಬಂದು, ಇಷ್ಟು ವರ್ಷ ಕಾದು! ಮಗನ ತೋಳು ಹಿಡಿದು ಮೆಲ್ಲಗೆ ಹೇಳಿದೆ: "ನನಗೆ ಉಬ್ಬಸ ಇದೆ ಅಂತ ಯಾರಿಗೆ ಗೊತ್ತು? ಹೇಳಬೇಡ ಮಾರಾಯ. ಹತ್ತು ನಿಮಿಷ ನೋಡಿ ಬರುವ. ಇನ್‌ಹೇಲರ್ ಬ್ಯಾಗಲ್ಲೇ ಇದೆ."

ಮಗನ ಮುಖದಲ್ಲಿ ಅಮ್ಮನ ಆಸೆಗೆ ಅಡ್ಡ ಬರಲಾರದ ಸಂಕಟ. ಅವನು ಒಪ್ಪಿಬಿಡುತ್ತಿದ್ದನೋ ಏನೋ. ಆಗ ಪುಟ್ಟಿ ನನ್ನ ಕೈ ಹಿಡಿದಳು.

"ಅಜ್ಜಿ, ನಿನಗೆ ಅಲ್ಲಿ ಉಸಿರು ಕಟ್ಟಿದರೆ ಅಪ್ಪ ನಿನ್ನನ್ನು ಬಿಟ್ಟು ಓಡಿ ಬರುತ್ತಾರಾ?"

"ಇಲ್ಲ."

"ನಾನು ಬರ್ತೇನಾ?"

ನಾನು ಉತ್ತರ ಕೊಡಲಿಲ್ಲ.

"ಹಾಗಾದರೆ ಅದು ನಿನ್ನೊಬ್ಬಳ ವಿಷಯ ಅಲ್ಲ" ಎಂದಳು. ಅವಳ ಕಣ್ಣು ತುಂಬಿತ್ತು.

ಪುಟ್ಟಿಗೆ ಈ ಮಾತು ಎಲ್ಲಿಂದ ಬಂತೆಂದು ನನಗೆ ಆಮೇಲೆ ತಿಳಿಯಿತು. ಕುಮಮೊಟೊದಿಂದ ಕಡಲಾಚೆ ಕಾಣುವ ಉಂಜೆನ್ ಜ್ವಾಲಾಮುಖಿಯ ಕಥೆ ಅವಳ ಶಾಲೆಯಲ್ಲಿ ಹೇಳಿದ್ದರು. 1991ರ ಜೂನ್ 3ರಂದು ಅಲ್ಲಿ ಬಿಸಿ ಮೋಡ ಉರುಳಿ ಬಂದು 43 ಮಂದಿ ಸತ್ತರು. ಅಲ್ಲಿನ ನಿವಾಸಿಗಳಿಗೆ ಊರು ಬಿಡಲು ಮೊದಲೇ ಹೇಳಲಾಗಿತ್ತು. ಆದರೂ ಒಳ್ಳೆಯ ಚಿತ್ರ ಸಿಗುತ್ತದೆಂದು ಪತ್ರಕರ್ತರು ಒಳಗೆ ನಿಂತಿದ್ದರು. ಸತ್ತವರಲ್ಲಿ ಅವರಷ್ಟೇ ಅಲ್ಲ, ಅವರನ್ನು ಕರೆತಂದ ಟ್ಯಾಕ್ಸಿ ಚಾಲಕರು, ಕಾವಲಿದ್ದ ಊರಿನ ಅಗ್ನಿಶಾಮಕ ದಳದವರು, ಪೊಲೀಸರೂ ಇದ್ದರು. ಜೀವಮಾನವೆಲ್ಲ ಜ್ವಾಲಾಮುಖಿಗಳನ್ನೇ ಹತ್ತಿರದಿಂದ ಚಿತ್ರಿಸಿದ ಫ್ರಾನ್ಸಿನ ದಂಪತಿ ಮಾರಿಸ್ ಮತ್ತು ಕಾತ್ಯಾ ಕ್ರಾಫ್ಟ್ ಕೂಡ ಅಲ್ಲೇ ಹೋದರು. ಅವರು ಜನರನ್ನು ಎಚ್ಚರಿಸಲು ತಯಾರಿಸಿದ್ದ ಚಿತ್ರ ಅದೇ ದಿನಗಳಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೊ ಬೆಟ್ಟದ ಸುತ್ತ ತೋರಿಸಲಾಗುತ್ತಿತ್ತು. ಅದನ್ನು ನೋಡಿ ಹಲವರು ಅಪಾಯವನ್ನು ನಂಬಿದರು. ಜೂನ್ 15ರಂದು ಪಿನಾಟುಬೊ ಸ್ಫೋಟಿಸುವ ಮೊದಲು ಹತ್ತಾರು ಸಾವಿರ ಜನ ದೂರ ಹೋಗಿದ್ದರು.

ಗೆರೆ ದಾಟಿದವನು ತಾನೊಬ್ಬನೇ ದಾಟುವುದಿಲ್ಲ. ಕಾಪಾಡಲು ಬರುವವರನ್ನೂ ಎಳೆದುಕೊಂಡೇ ದಾಟುತ್ತಾನೆ. ನಾನು ಇನ್‌ಹೇಲರ್ ತೆಗೆದು ಪುಟ್ಟಿಯ ಕೈಗೆ ಕೊಟ್ಟು ನಕ್ಕೆ. "ನೀವು ಹೋಗಿ ಬನ್ನಿ" ಎಂದೆ. "ಇದು ನಿನ್ನ ಹತ್ತಿರವೇ ಇರಬೇಕು ಅಜ್ಜಿ" ಎಂದು ಅವಳು ಅದನ್ನು ವಾಪಸು ನನ್ನ ಚೀಲಕ್ಕೆ ಹಾಕಿದಳು. ಅವಳು ತಲೆಗೆ ಹೆಲ್ಮೆಟ್ ಸಿಕ್ಕಿಸಿಕೊಂಡಳು. ಸಕುರಜಿಮಾ ಎಂಬ ಜ್ವಾಲಾಮುಖಿಯ ಬುಡದ ಮಕ್ಕಳು ಹಳದಿ ಹೆಲ್ಮೆಟ್ ಹಾಕಿಕೊಂಡೇ ಶಾಲೆಗೆ ಹೋಗುತ್ತಾರಂತೆ. ಅದನ್ನು ಕೇಳಿದಾಗಿನಿಂದ ಇವಳಿಗೂ ಹಳದಿಯೇ ಬೇಕು.

ಸೊಸೆ ನನ್ನ ಜೊತೆ ಉಳಿದಳು. ಕುಸಾಸೆನ್ರಿಯಲ್ಲಿ ಒಂದು ಜ್ವಾಲಾಮುಖಿ ಮ್ಯೂಸಿಯಂ ಇದೆ. ಅಲ್ಲಿ ಕುಳಿಯ ಬಳಿ ಇಟ್ಟ ಕ್ಯಾಮೆರಾದ ನೇರ ಚಿತ್ರ ತೋರಿಸುತ್ತಾರೆ. ಪರದೆಯ ಮುಂದೆ ಕುಳಿತೆ. ಬೂದು ಗೋಡೆಗಳ ನಡುವೆ ಹಬೆ ಸುರುಳಿ ಸುರುಳಿಯಾಗಿ ಏಳುತ್ತಿತ್ತು. ಗಾಳಿ ತೆರೆ ಸರಿಸಿದಾಗ ತಳದಲ್ಲಿ ಹಸಿರು ನೀರು. ಅಷ್ಟು ಕಂಡಿತು. ಸಿಟ್ಟು ಇತ್ತು, ಸುಳ್ಳು ಹೇಳುವುದಿಲ್ಲ.

ಅರ್ಧ ಗಂಟೆಯೊಳಗೆ ಇಬ್ಬರೂ ವಾಪಸು ಬಂದರು. ಪುಟ್ಟಿ ಕೆಮ್ಮುತ್ತಿದ್ದಳು. ಗಾಳಿಯ ದಿಕ್ಕು ತಿರುಗಿತಂತೆ. ಧ್ವನಿವರ್ಧಕದಲ್ಲಿ ಕೂಗಿ, ಕಾವಲಿನವರು ಎಲ್ಲರನ್ನೂ ಇಳಿಸಿದರಂತೆ. "ಗಂಟಲಲ್ಲಿ ಬೆಂಕಿಕಡ್ಡಿ ಗೀರಿದ ಹಾಗಾಯಿತು ಅಜ್ಜಿ" ಎಂದಳು. ಮಗ ನನ್ನ ಕಡೆ ನೋಡಿ ಏನೋ ಹೇಳಹೊರಟು ಸುಮ್ಮನಾದ. ಏನು ಹೇಳಬೇಕೆಂದಿದ್ದ ಎಂದು ನಾನೂ ಕೇಳಲಿಲ್ಲ. ಆ ಮೆಟ್ಟಿಲುಗಳನ್ನು ಇಳಿಯಲು ನನಗೆ ಎಷ್ಟು ಹೊತ್ತು ಬೇಕಿತ್ತು ಎಂದು ಇಬ್ಬರೂ ಲೆಕ್ಕ ಹಾಕುತ್ತಿದ್ದೆವು.

ಓದಿದ ನಕ್ಷೆ, ಓದದ ನಕ್ಷೆ

ಆ ರಾತ್ರಿ ನಿದ್ದೆ ಬರಲಿಲ್ಲ. ಮ್ಯೂಸಿಯಂನಲ್ಲಿ ಮತ್ತು ಆಮೇಲೆ ಪುಸ್ತಕಗಳಲ್ಲಿ ಓದಿದ ಎರಡು ಊರುಗಳ ಕಥೆ ತಲೆಯಲ್ಲಿ ಸುತ್ತುತ್ತಿತ್ತು.

ಒಂದು, ದಕ್ಷಿಣ ಅಮೆರಿಕದ ಕೊಲಂಬಿಯಾದ ಅರ್ಮೇರೊ. ನೆವಾಡೊ ಡೆಲ್ ರುಯಿಸ್ ಎಂಬ ಹಿಮ ಹೊದ್ದ ಜ್ವಾಲಾಮುಖಿಯಿಂದ ಬಹಳ ದೂರದ, ನದಿ ಬಯಲಿನ ಊರು. ಹಿಂದೆ 1595ರಲ್ಲಿ, 1845ರಲ್ಲಿ ಅಲ್ಲಿ ಕೆಸರಿನ ಪ್ರವಾಹ ಹರಿದಿತ್ತು. 1985ರ ಅಕ್ಟೋಬರಿನಲ್ಲಿ ವಿಜ್ಞಾನಿಗಳು ಅಪಾಯ ನಕ್ಷೆ ತಯಾರಿಸಿದರು. ಅರ್ಮೇರೊ ಅಪಾಯದ ಬಣ್ಣದೊಳಗೇ ಇತ್ತು. ನವೆಂಬರ್ 13ರ ರಾತ್ರಿ ಬೆಟ್ಟ ಸಿಡಿದು ಹಿಮ ಕರಗಿತು. ಕೆಸರು ಅರ್ಮೇರೊ ತಲುಪಲು ಎರಡು ಗಂಟೆಗೂ ಹೆಚ್ಚು ಹೊತ್ತು ಹಿಡಿಯಿತು. ಅಷ್ಟು ಹೊತ್ತಿನಲ್ಲಿ ಪಕ್ಕದ ಗುಡ್ಡ ಹತ್ತಬಹುದಿತ್ತು. ಹೊರಡಿ ಎಂಬ ಮಾತು ಜನರಿಗೆ ಸರಿಯಾಗಿ ಮುಟ್ಟಲಿಲ್ಲ. ಆ ರಾತ್ರಿ ಒಟ್ಟು ಸುಮಾರು 23,000 ಜನ ಸತ್ತರು.

ಇನ್ನೊಂದು, ಜಪಾನಿನ ಉತ್ತರದ ಊಸು ಬೆಟ್ಟ. ಬಿಸಿನೀರಿನ ಬುಗ್ಗೆಗಳ ಪ್ರವಾಸಿ ತಾಣ. ಅಪಾಯ ಎಂದು ನಕ್ಷೆಯಲ್ಲಿ ಬರೆದರೆ ಪ್ರವಾಸಿಗರು ಬರುತ್ತಾರೆಯೇ ಎಂಬ ಅಳುಕು ಇಂಥ ಕಡೆ ಇದ್ದೇ ಇರುತ್ತದೆ. ಆದರೂ 1995ರಲ್ಲಿ ನಕ್ಷೆ ಮಾಡಿ ಹಂಚಿದರು. 2000ದ ಮಾರ್ಚ್ ಕೊನೆಯಲ್ಲಿ ನೆಲ ನಡುಗತೊಡಗಿತು. ನಕ್ಷೆ ಹಿಡಿದು ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಸಾಗಿಸಿದರು. ಮಾರ್ಚ್ 31ರಂದು ಬೆಟ್ಟ ಸ್ಫೋಟಿಸಿ ಮನೆ, ರಸ್ತೆ ಹಾಳಾದವು. ಒಂದೇ ಒಂದು ಜೀವ ಹೋಗಲಿಲ್ಲ.

ಎರಡೂ ಕಡೆ ನಕ್ಷೆ ಇತ್ತು. ಒಂದು ಕಡೆ ಅದು ಮನೆಮನೆಯ ಗೋಡೆಗೆ ಬಂದಿತ್ತು, ಇನ್ನೊಂದು ಕಡೆ ಬರಲು ಸಮಯವಾಗಲಿಲ್ಲ.

ಹೊರಡುವ ಮುನ್ನ

ನಮ್ಮ ದೇಶದ ಸಕ್ರಿಯ ಜ್ವಾಲಾಮುಖಿ ಅಂಡಮಾನಿನ ಬ್ಯಾರನ್ ದ್ವೀಪವೊಂದೇ. ಅಲ್ಲಿ ಜನವಸತಿ ಇಲ್ಲ. ಆದರೆ ನಮ್ಮ ಮಕ್ಕಳು ಈಗ ಬಾಲಿಗೆ, ಜಪಾನಿಗೆ, ಇಟಲಿಗೆ ಹೋಗುತ್ತಾರೆ. ಸೂರ್ಯೋದಯಕ್ಕೆ ಜ್ವಾಲಾಮುಖಿ ಹತ್ತುವುದು ಪ್ರವಾಸದ ಭಾಗವಾಗಿದೆ. ಆದ್ದರಿಂದ ಪುಟ್ಟಿ ಮತ್ತು ನಾನು ಸೇರಿ ಈ ಪಟ್ಟಿ ಮಾಡಿದೆವು.

• ಬೆಟ್ಟದ ಈ ದಿನದ ಎಚ್ಚರಿಕೆಯ ಹಂತ ನೋಡಿ. ನಿನ್ನೆಯದು ಸಾಲದು. ಪ್ರತಿ ದೇಶದ ಅಂಕಿ, ಬಣ್ಣ ಬೇರೆ. ಅರ್ಥ ಕೇಳಿ ತಿಳಿದುಕೊಳ್ಳಿ. ಅತಿ ಕೆಳಗಿನ ಹಂತ ಎಂದರೆ ಅಪಾಯವೇ ಇಲ್ಲ ಎಂದಲ್ಲ.

• ಅಪಾಯ ನಕ್ಷೆಯಲ್ಲಿ ಮೂರು ಗುರುತು ಹುಡುಕಿ: ಕುಳಿ ಎಲ್ಲಿ, ಆಶ್ರಯ ಎಲ್ಲಿ, ಇಳಿಯುವ ದಾರಿ ಎಲ್ಲಿ. ಮೊಬೈಲಿಗೆ ಸಿಗ್ನಲ್ ಇರದಿರಬಹುದು. ಕಾಗದದ ಪ್ರತಿ ಜೇಬಿನಲ್ಲಿರಲಿ.

• ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಎಂದು ಮನೆಯವರಿಗೂ, ಅಲ್ಲಿ ವ್ಯವಸ್ಥೆಯಿದ್ದರೆ ಕಚೇರಿಗೂ ಬರೆದುಕೊಡಿ.

• ಹೆಲ್ಮೆಟ್, ಕಣ್ಣು ಪೂರ್ತಿ ಮುಚ್ಚುವ ಕನ್ನಡಕ, ಮಾಸ್ಕ್, ಟಾರ್ಚ್, ನೀರು ಒಯ್ಯಿರಿ. ಬೂದಿ ಬಿದ್ದರೆ ನಡುಹಗಲೇ ಕತ್ತಲಾಗುತ್ತದೆ. ಬೂದಿ ಬೀಳುವಾಗ ಕಾಂಟ್ಯಾಕ್ಟ್ ಲೆನ್ಸ್ ಬೇಡ.

• ಉಬ್ಬಸ, ಹೃದಯದ ಕಾಯಿಲೆ ಇದ್ದರೆ ಮುಚ್ಚಿಡಬೇಡಿ. ಮಾಸ್ಕ್ ಬೂದಿಯನ್ನು ತಡೆದೀತು, ಅನಿಲವನ್ನಲ್ಲ.

• ಕುಳಿಯ ಅಂಚು ಬುತ್ತಿ ಬಿಚ್ಚುವ ಜಾಗ ಅಲ್ಲ. ನೋಡಿ, ಹೊರಡಿ. ಕೊಳೆತ ಮೊಟ್ಟೆಯ ವಾಸನೆ, ಗಂಟಲುರಿ ಬಂದರೆ ಗಾಳಿ ಬರುವ ಕಡೆಗೆ, ಎತ್ತರದ ಕಡೆಗೆ ಸರಿಯಿರಿ. ತಗ್ಗಿನಲ್ಲಿ ಕೂರಬೇಡಿ.

• ಬೆಟ್ಟ ಸಿಡಿದರೆ ಫೋಟೊ ತೆಗೆಯಲು ನಿಲ್ಲಬೇಡಿ. ಕೂಡಲೇ ಆಶ್ರಯದೊಳಗೆ, ಇಲ್ಲವಾದರೆ ಕುಳಿಗೆ ಬೆನ್ನು ಕೊಟ್ಟ ದೊಡ್ಡ ಬಂಡೆಯ ಮರೆಗೆ. ಬೆನ್ನಿನ ಚೀಲ ತಲೆಯ ಮೇಲೆ. ಕಲ್ಲು ನಿಂತೊಡನೆ ಕುಳಿಯಿಂದ ದೂರ ಇಳಿಯಿರಿ. ಹಳ್ಳದ ದಾರಿ ಹಿಡಿಯಬೇಡಿ.

• ಬೇಲಿ, ಹಗ್ಗ, ಫಲಕ ದಾಟಬೇಡಿ. ಮಾರ್ಗದರ್ಶಿ "ಏನೂ ಆಗುವುದಿಲ್ಲ" ಎಂದರೂ ದಾಟಬೇಡಿ.

ಊರಿಗೆ ಬಂದ ಮೇಲೆ ನಮ್ಮ ಹಳೆಯ ಶಾಲೆಯವರು ಪ್ರವಾಸದ ಅನುಭವ ಹೇಳಲು ಕರೆದರು. ಬೋರ್ಡಿನ ಮೇಲೆ ಅದೇ ತ್ರಿಕೋನ, ಅದೇ ಕೊಳವೆ, ಅದೇ ಕೆಂಪು ಬೆಂಕಿ ಬರೆದೆ. ಆಮೇಲೆ ಕುಳಿಯ ಸುತ್ತ ಒಂದು ವೃತ್ತ. ವೃತ್ತದೊಳಗೆ ಒಂದು ಗುಮ್ಮಟ. ಕಣಿವೆಯಲ್ಲಿ ಒಂದು ಬಾಲ. ಗಾಳಿಗೊಂದು ಬಾಣ. ಕೊನೆಗೆ ವೃತ್ತದ ಆಚೆ, ಹುಲ್ಲುಗಾವಲಿನ ಜಾಗದಲ್ಲಿ, ಸೀರೆ ಉಟ್ಟ ಒಂದು ಪುಟ್ಟ ಗೊಂಬೆ.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದ. "ಟೀಚರ್, ನೀವು ನೋಡಿದ್ದೀರಾ?"

"ನೋಡಿದ್ದೇನೆ" ಎಂದೆ. "ಇಲ್ಲಿ ನಿಂತು."